ಹಳೆಯ ವಾಚಿನ ಹಾಳಾದ ಡಯಲ್ ಹೊಸದು ಮಾಡಿಸಬೇಕೇ, ಇದ್ದಂತೆ ಉಳಿಸಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಹೊಳಲ್ಕೆರೆ, ಚಳ್ಳಕೆರೆ ಭಾಗದ ಎಷ್ಟೋ ಮನೆಗಳ ಬೀರುಗಳಲ್ಲಿ ಕೀ ಕೊಡುವ ಹಳೆಯ ಕೈಗಡಿಯಾರಗಳು ಇಂದಿಗೂ ಇವೆ. ಅವುಗಳಲ್ಲಿ ಹೆಚ್ಚಿನವು ಎಚ್‌ಎಂಟಿ. ನಡುನಡುವೆ ಫೇವರ್ ಲೂಬಾ, ವೆಸ್ಟ್ ಎಂಡ್, ರೋಮರ್, ಕ್ಯಾಮಿ ಕೂಡ ಸಿಗುತ್ತವೆ. ಒಳಗಿನ ಮೆಷಿನ್ ತೊಳೆದು ಎಣ್ಣೆ ಹಾಕಿದರೆ ಮತ್ತೆ ನಡೆಯುತ್ತದೆಂಬ ಧೈರ್ಯ ಎಲ್ಲರಿಗೂ ಇರುತ್ತದೆ, ಆದರೆ ಕಲೆ ಹಿಡಿದ, ಬಣ್ಣ ಎದ್ದ ಡಯಲ್ ಕಂಡಾಗ ಏನು ಮಾಡಬೇಕೆಂದು ತೋಚುವುದಿಲ್ಲ. ಆ ಗೊಂದಲದಲ್ಲಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಡಯಲ್ ಮಸುಕಾಗಿ, ಹಳದಿಯಾಗಿ ಕಾಣುತ್ತಿದೆ. ಅದು ಹಾಳಾಗಿದೆ ಎಂದೇ ಅರ್ಥವೇ?

ಹಾಗೆಂದು ತೀರ್ಮಾನಿಸುವ ಮೊದಲು ಗಾಜನ್ನು ಪರೀಕ್ಷಿಸಿ. ಆ ಕಾಲದ ಸಾಮಾನ್ಯ ಬೆಲೆಯ ವಾಚುಗಳಲ್ಲಿ ನಾವು ಗಾಜು ಎಂದು ಕರೆಯುವ ಭಾಗ ಬಹುಮಟ್ಟಿಗೆ ಅಕ್ರಿಲಿಕ್ ಪ್ಲಾಸ್ಟಿಕ್ಕಿನದು. ಅದು ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ, ಸಾವಿರಾರು ಸಣ್ಣ ಗೀರುಗಳಿಂದ ಮಬ್ಬಾಗುತ್ತದೆ, ಅಂಚಿನಲ್ಲಿ ಕೂದಲೆಳೆಯಂತೆ ಸೀಳುತ್ತದೆ. ಇಂಥ ಗಾಜಿನ ಕೆಳಗೆ ಇರುವ ಒಳ್ಳೆಯ ಡಯಲ್ ಕೂಡ ರೋಗಿಷ್ಠವಾಗಿ ಕಾಣುತ್ತದೆ. ಗಾಜು ಬದಲಿಸುವುದು ಯಾವ ಊರಿನ ವಾಚ್ ರಿಪೇರಿ ಅಂಗಡಿಯಲ್ಲಾದರೂ ಆಗುವ, ಕಡಿಮೆ ಖರ್ಚಿನ ಕೆಲಸ. ಗೀರುಗಳು ಆಳವಾಗಿಲ್ಲದಿದ್ದರೆ ಪಾಲಿಶ್ ಮಾಡಿಯೇ ತಿಳಿಯಾಗಿಸಬಹುದು. ಆದ್ದರಿಂದ ಗಾಜನ್ನು ಸರಿಪಡಿಸಿ, ಹಗಲಿನ ಬೆಳಕಿನಲ್ಲಿ ಒಮ್ಮೆ ನೋಡಿ, ಅನಂತರವೇ ಡಯಲಿನ ಮಾತೆತ್ತಬೇಕು. ಡಯಲಿಗೆ ಬಣ್ಣ ಹಾಕಿಸಲೆಂದು ತಂದ ಎಷ್ಟೋ ವಾಚುಗಳ ಚಿಂತೆ ಇಲ್ಲಿಗೇ ಮುಗಿದುಹೋಗುತ್ತದೆ.

ಡಯಲಿನಲ್ಲಿ ನಿಜವಾಗಿ ಕೆಡುವ ಭಾಗ ಯಾವುದು?

ಸಾಮಾನ್ಯ ಡಯಲ್ ಎಂದರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಹಿತ್ತಾಳೆಯ ತಗಡು. ಅದರ ಮೇಲೆ ಬೆಳ್ಳಿಯ ಲೇಪವೋ ಬಣ್ಣವೋ ಇರುತ್ತದೆ. ಅದನ್ನು ಕಾಪಾಡಲು ಪಾರದರ್ಶಕ ಲ್ಯಾಕರ್ ಕೊಟ್ಟಿರುತ್ತಾರೆ. ಕಂಪನಿಯ ಹೆಸರು ಮತ್ತು ನಿಮಿಷದ ಗೆರೆಗಳನ್ನು ಅನೇಕ ವೇಳೆ ಆ ಲ್ಯಾಕರಿನ ಮೇಲೆಯೇ ಮುದ್ರಿಸಿರುತ್ತಾರೆ. ಗಂಟೆಯ ಗುರುತುಗಳು ಬಿಡಿಯಾದ ಲೋಹದ ತುಂಡುಗಳಾಗಿದ್ದರೆ ಅವುಗಳ ಸಣ್ಣ ಕಾಲುಗಳು ಡಯಲಿನ ರಂಧ್ರಗಳಲ್ಲಿ ಕೂತಿರುತ್ತವೆ. ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ತಾಮ್ರದ ಕಾಲುಗಳಿದ್ದು, ಇಡೀ ಡಯಲನ್ನು ಮೆಷಿನ್‌ಗೆ ಹಿಡಿದಿಡುವುದು ಅವೇ.

ಇವುಗಳಲ್ಲಿ ಮೊದಲು ಸೋಲುವುದು ಲ್ಯಾಕರ್. ಅದು ಹಳದಿಯಾಗುತ್ತದೆ, ಬಿರಿಯುತ್ತದೆ, ಕೆಲವೊಮ್ಮೆ ಪೊರೆಯಂತೆ ಏಳುತ್ತದೆ. ಬಿರುಕಿನ ಮೂಲಕ ಗಾಳಿ ಮತ್ತು ತೇವ ಒಳಗಿಳಿದಾಗ ಬೆಳ್ಳಿಯ ಲೇಪ ಕಪ್ಪಾಗುತ್ತದೆ, ಇನ್ನೂ ಕೆಳಗಿಳಿದರೆ ಹಿತ್ತಾಳೆಯಲ್ಲಿರುವ ತಾಮ್ರ ಹಸಿರು ಕಿಲುಬು ಬಿಡುತ್ತದೆ. ಈ ಮೂರನ್ನು ಬೇರೆಬೇರೆಯಾಗಿ ಗುರುತಿಸಬೇಕು. ಹಳದಿಯಾದ ಲ್ಯಾಕರ್ ವಯಸ್ಸಿನ ಲಕ್ಷಣವಷ್ಟೇ, ಅದರಿಂದ ಅಪಾಯವಿಲ್ಲ. ಕಪ್ಪು ಚುಕ್ಕೆಗಳು ಹಿಂದೆಂದೋ ತೇವ ಹೊಕ್ಕಿದ್ದನ್ನು ಹೇಳುತ್ತವೆ. ಹಸಿರು ಕಿಲುಬು ಮಾತ್ರ ಈಗಲೂ ಬೆಳೆಯುತ್ತಿರಬಹುದು, ಅದಕ್ಕೆ ತಡಮಾಡದೆ ಗಮನ ಕೊಡಬೇಕು.

ಹಾಗಾದರೆ ಡಯಲಿಗೆ ಮತ್ತೆ ಬಣ್ಣ ಹಾಕಿಸಬೇಕೇ, ಬೇಡವೇ?

ಡಯಲ್ ಕಾರ್ಖಾನೆಯಿಂದ ಬಂದ ಮೂಲ ಡಯಲೇ ಆಗಿದ್ದು, ಅದರ ಮೇಲಿನ ಅಕ್ಷರಗಳೂ ಗುರುತುಗಳೂ ಓದಲು ಬರುವಂತಿದ್ದರೆ, ಬೇಡ. ಕಲೆಗಳು ಎಷ್ಟೇ ಇರಲಿ, ನನ್ನ ಉತ್ತರ ಇದೇ.

ಇದಕ್ಕೆ ಕಾರಣ ಆ ಕೆಲಸದ ಸ್ವರೂಪದಲ್ಲೇ ಇದೆ. ಡಯಲನ್ನು ಹೊಸದು ಮಾಡುವುದೆಂದರೆ ಇರುವುದರ ಮೇಲೆ ಒಂದು ಹೊಸ ಪದರ ಕೊಡುವುದು ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಆ ಕೆಲಸ ಆರಂಭವಾಗುವುದೇ ಇರುವುದನ್ನೆಲ್ಲ ಅಳಿಸುವುದರಿಂದ. ಲ್ಯಾಕರ್, ಮುದ್ರಣ, ಬಣ್ಣ, ಬೆಳ್ಳಿಯ ಲೇಪ ಎಲ್ಲವನ್ನೂ ದ್ರಾವಣದಲ್ಲಿ ಕರಗಿಸಿ ಅಥವಾ ಉಜ್ಜಿ ತೆಗೆದು, ಬರಿಯ ಹಿತ್ತಾಳೆಗೆ ಇಳಿಸಿ, ಅಲ್ಲಿಂದ ಮೇಲೆ ಕಟ್ಟುತ್ತಾರೆ. ಕಾರ್ಖಾನೆಯವರು ಕೆತ್ತಿದ ಅಚ್ಚಿನಿಂದ ಮುದ್ರಿಸಿದ ಅಕ್ಷರ ಒಮ್ಮೆ ಹೋದರೆ ಹೋಯಿತು. ಫಲಿತಾಂಶ ನಿಮಗೆ ಇಷ್ಟವಾಗದಿದ್ದರೂ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಅದರ ಅಕ್ಷರ ಸವೆದಿದೆಯೆಂದು ಯಾರಾದರೂ ಉಳಿ ಹಿಡಿದು ಬಂಡೆಯನ್ನು ನುಣುಪುಗೊಳಿಸಿ ಮತ್ತೊಮ್ಮೆ ಕೆತ್ತಿದರೆ ಓದಲು ಸುಲಭವಾದೀತು, ಆದರೆ ಆಮೇಲೆ ಅಲ್ಲಿ ಉಳಿಯುವುದು ಮಯೂರಶರ್ಮನ ಕಾಲದ ಶಾಸನವಲ್ಲ.

ಬಣ್ಣ ಹಾಕಿಸುವುದು ಸರಿಯೆನ್ನಬಹುದಾದ ಸಂದರ್ಭಗಳೂ ಇವೆ. ಡಯಲಿಗೆ ಈಗಾಗಲೇ ಯಾರೋ ಕಳಪೆಯಾಗಿ ಬಣ್ಣ ಹಾಕಿದ್ದರೆ ಕಳೆದುಕೊಳ್ಳಲು ಮೂಲವೇ ಉಳಿದಿಲ್ಲ, ಆದ್ದರಿಂದ ಚೆನ್ನಾಗಿ ಮಾಡಬಲ್ಲವರು ಸಿಕ್ಕರೆ ಮಾಡಿಸಬಹುದು. ಕಿಲುಬು ಹಿತ್ತಾಳೆಯನ್ನೇ ತಿಂದು, ಪುಡಿ ಉದುರಿ ಮೆಷಿನ್‌ಗೆ ಬೀಳುತ್ತಿದ್ದರೆ ಅದನ್ನು ಹಾಗೇ ಬಿಡುವುದು ತಪ್ಪಾಗುತ್ತದೆ. ಅಕ್ಷರಗಳೆಲ್ಲ ಅಳಿದು ಸಮಯವನ್ನೇ ಓದಲಾಗದಿದ್ದು, ವಾಚನ್ನು ಪ್ರತಿದಿನ ಕಟ್ಟುವ ಆಸೆ ನಿಜವಾಗಿಯೂ ಇದ್ದರೆ ಅದೂ ನ್ಯಾಯವಾದ ಕಾರಣವೇ. ಆದರೆ ಈ ಕೊನೆಯ ಎರಡು ಸಂದರ್ಭಗಳಲ್ಲಿಯೂ, ಬಣ್ಣಕ್ಕಿಂತ ಮೊದಲು ಯೋಚಿಸಬೇಕಾದ ಇನ್ನೊಂದು ದಾರಿಯಿದೆ. ಬದಲಿ ಡಯಲಿನ ಪ್ರಶ್ನೆಯಲ್ಲಿ ಅದನ್ನು ವಿವರಿಸಿದ್ದೇನೆ.

ನನ್ನ ವಾಚಿನ ಡಯಲ್ ಮೂಲದ್ದೋ, ಈಗಾಗಲೇ ಬಣ್ಣ ಹಾಕಿದ್ದೋ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಸಮಯ ಕೊಡಿ, ಏಕೆಂದರೆ ಮುಂದಿನ ನಿರ್ಧಾರವೆಲ್ಲ ಇದರ ಮೇಲೆ ನಿಂತಿದೆ. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸು ಅಥವಾ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು.

ಮೊದಲು ಅಕ್ಷರಗಳನ್ನು ನೋಡಿ. ಕಾರ್ಖಾನೆಯಲ್ಲಿ ಅಚ್ಚಿನ ತಟ್ಟೆಯ ಗೆರೆಗಳಿಗೆ ಶಾಯಿ ತುಂಬಿ, ಅದನ್ನು ಮೆತ್ತನೆಯ ಪ್ಯಾಡಿನಿಂದ ಎತ್ತಿ ಡಯಲಿಗೆ ಒತ್ತುತ್ತಿದ್ದರು. ಆದ್ದರಿಂದ ಅಕ್ಷರದ ಅಂಚು ಚೂಪಾಗಿರುತ್ತದೆ, ಶಾಯಿ ತುಸು ಉಬ್ಬಿ ಒಂದೇ ಸಮನಾಗಿ ಕೂತಿರುತ್ತದೆ. ಕೈಯಿಂದ ಬರೆದ ಅಥವಾ ಸಾಧಾರಣ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಮಾಡಿದ ಅಕ್ಷರ ದಪ್ಪವಾಗಿ, ಅಂಚು ಹರಡಿ, ಒಂದು ಕಡೆ ತೆಳು ಒಂದು ಕಡೆ ಗಟ್ಟಿಯಾಗಿ ಕಾಣುತ್ತದೆ. ಅಕ್ಷರ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿಂದ ಕೂಡಿದ್ದರೆ ಅದು ಕಂಪ್ಯೂಟರ್‌ನಲ್ಲಿ ಮುದ್ರಿಸಿ ಅಂಟಿಸಿದ ಸ್ಟಿಕ್ಕರ್.

ಆಮೇಲೆ ನಿಮಿಷದ ಗೆರೆಗಳನ್ನು ಸುತ್ತಲೂ ಎಣಿಸುವಂತೆ ನೋಡಿ. ಅವು ಗಂಟೆಯ ಗುರುತಿನ ನೇರಕ್ಕೆ ಇರಬೇಕು, ಅಂಚಿನಿಂದ ಒಂದೇ ದೂರದಲ್ಲಿರಬೇಕು. ತಾರೀಕಿನ ಕಿಟಕಿಯ ಒಳ ಅಂಚಿನಲ್ಲಿ ಬಣ್ಣ ಇಳಿದಿದ್ದರೆ, ಗಂಟೆಯ ಲೋಹದ ಗುರುತುಗಳ ಬುಡದಲ್ಲಿ ಬಣ್ಣ ಗಡ್ಡೆಕಟ್ಟಿದ್ದರೆ, ಸೆಕೆಂಡಿನ ಸಣ್ಣ ವೃತ್ತದ ಕೆತ್ತನೆಯ ಗೆರೆಗಳು ಬಣ್ಣದಡಿ ಮುಚ್ಚಿಹೋಗಿದ್ದರೆ ಅನುಮಾನ ಬಲವಾಗುತ್ತದೆ. ಸ್ವಿಸ್ ವಾಚಾದರೆ ಆರು ಗಂಟೆಯ ಕೆಳಗೆ ಅಂಚಿನಲ್ಲಿ ಸಾಮಾನ್ಯವಾಗಿ ಇರುವ ಸಣ್ಣ ಬರಹ ಮಾಯವಾಗಿರುತ್ತದೆ ಅಥವಾ ಕಾಗುಣಿತ ತಪ್ಪಾಗಿರುತ್ತದೆ. ಡಯಲನ್ನು ಹೊರತೆಗೆದಾಗ ಅಂಚಿನಲ್ಲಿ ಅರದಿಂದ ಉಜ್ಜಿದ ಸಣ್ಣ ಕಚ್ಚು ಕಂಡರೆ, ಬಣ್ಣ ಹಾಕುವವರು ಮುದ್ರಣಕ್ಕೆ ನೇರ ಹಿಡಿಯಲು ಮಾಡಿಕೊಂಡ ಗುರುತು ಅದಾಗಿರುವ ಸಂಭವ ಹೆಚ್ಚು.

ಎಚ್‌ಎಂಟಿ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆ, ಆಮೇಲೆ ಇಲ್ಲಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ ಸಿಗುವ ತುಮಕೂರಿನ ಘಟಕ, ಇವೆಲ್ಲ ಸೇರಿ ಜನತಾ, ಸೋನಾ, ಪೈಲಟ್, ಕೊಹಿನೂರ್, ಕಾಂಚನ್ ಮುಂತಾದ ಹೆಸರುಗಳಲ್ಲಿ ಲೆಕ್ಕವಿಲ್ಲದಷ್ಟು ವಾಚು ಮಾಡಿವೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಒಪ್ಪಿದ ನಂತರ ಹಳೆಯ ಎಚ್‌ಎಂಟಿಗಳ ಬೇಡಿಕೆ ಏರಿತು. ಬೇಡಿಕೆಯ ಹಿಂದೆಯೇ ಬಣ್ಣ ಬಳಿದ ಡಯಲುಗಳೂ ಬಂದವು. ಹಳೆಯ ಮೆಷಿನ್‌ಗೆ ಕಣ್ಣು ಕುಕ್ಕುವ ಹೊಸ ಬಣ್ಣದ ಡಯಲ್ ಕೂಡಿಸಿ ಆನ್‌ಲೈನಿನಲ್ಲಿ ಮಾರುವ ಇಂಥ ವಾಚುಗಳಿಗೆ ಹೊರದೇಶದ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ. ಐವತ್ತು ವರ್ಷದ ವಾಚಿನಲ್ಲಿ ಮುಳ್ಳು ಮಾಸಿದ್ದು, ಕೇಸ್ ಸವೆದಿದ್ದು, ಡಯಲ್ ಮಾತ್ರ ನಿನ್ನೆ ಮಾಡಿದಂತೆ ಹೊಳೆಯುತ್ತಿದ್ದರೆ ಅದನ್ನು ನಂಬಬಾರದು.

ಕಲೆ ಹಾಗೇ ನಿಂತಿದೆಯೋ, ಬೆಳೆಯುತ್ತಿದೆಯೋ ಎಂದು ಹೇಗೆ ಗೊತ್ತಾಗುತ್ತದೆ?

ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ಫೋನಿನಲ್ಲಿ ಚಿತ್ರ ತೆಗೆದು, ಮಳೆಗಾಲಕ್ಕೆ ಮೊದಲು ಒಂದು ಮತ್ತು ಮಳೆಗಾಲ ಮುಗಿದ ಮೇಲೆ ಒಂದು ಇಟ್ಟುಕೊಂಡರೆ ಹೋಲಿಸಬಹುದು. ನಮ್ಮ ಬಯಲುಸೀಮೆಯ ಒಣಹವೆ ಡಯಲುಗಳಿಗೆ ಮಲೆನಾಡು, ಕರಾವಳಿಗಳ ಹವೆಗಿಂತ ಬಹಳ ಒಳ್ಳೆಯದು. ಇಲ್ಲಿನ ವಾಚುಗಳನ್ನು ಕೆಡಿಸುವುದು ಹೆಚ್ಚಾಗಿ ಬೇಸಿಗೆಯ ಬೆವರು. ಕೀ ಕೊಡುವ ತಿರುಗಣೆಯ ಬಳಿ ಇರುವ ವಾಷರ್ ಸವೆದಿದ್ದರೆ ಬೆವರು ಅಲ್ಲಿಂದಲೇ ಒಳಗೆ ಹೋಗುತ್ತದೆ, ಆದ್ದರಿಂದ ಮೂರು ಗಂಟೆಯ ಆಸುಪಾಸಿನಲ್ಲಿ ಮೊದಲು ಕಲೆ ಕಾಣಿಸಿಕೊಳ್ಳುವುದನ್ನು ಗಮನಿಸಬಹುದು. ಗಾಜಿನ ಅಂಚು ಸೀಳಿದ್ದರೆ ಕಲೆ ಡಯಲಿನ ಅಂಚಿನಿಂದ ಒಳಕ್ಕೆ ಬರುತ್ತದೆ. ಗಾಜನ್ನೂ ವಾಷರನ್ನೂ ಬದಲಿಸಿ, ಹಿಂಬದಿಯ ಮುಚ್ಚಳ ಸರಿಯಾಗಿ ಕೂರುವಂತೆ ಮಾಡಿಸಿದರೆ ಬಹುತೇಕ ಡಯಲುಗಳು ಇರುವ ಸ್ಥಿತಿಯಲ್ಲೇ ನಿಲ್ಲುತ್ತವೆ. ಡಯಲ್ ಉಳಿಸಲು ಮಾಡಬಹುದಾದ ಅತಿ ಮುಖ್ಯ ಕೆಲಸ ಇದು, ಮತ್ತು ಇದಕ್ಕೆ ಡಯಲನ್ನು ಮುಟ್ಟಲೇಬೇಕಾಗಿಲ್ಲ.

ಮನೆಯಲ್ಲೇ ಹತ್ತಿಯಿಂದ ಒರೆಸಿ ಸ್ವಚ್ಛ ಮಾಡಬಹುದೇ?

ಬೇಡ. ಬೆಳ್ಳಿಯ ದೀಪಕ್ಕೆ ವಿಭೂತಿ, ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮಗೆಲ್ಲ ರೂಢಿ. ಡಯಲ್ ಕೂಡ ಬೆಳ್ಳಿ ಮತ್ತು ಹಿತ್ತಾಳೆ ತಾನೇ ಎಂಬ ಯೋಚನೆ ಸಹಜವಾಗಿಯೇ ಬರುತ್ತದೆ. ಆದರೆ ದೀಪ ಗಟ್ಟಿ ಬೆಳ್ಳಿ, ಡಯಲಿನ ಮೇಲಿರುವುದು ಕೂದಲಿಗಿಂತ ತೆಳುವಾದ ಲೇಪ. ಹುಣಸೆಯ ಹುಳಿ, ನಿಂಬೆರಸ, ಟೂತ್‌ಪೇಸ್ಟ್, ಸೋಪಿನ ನೀರು ಯಾವುದು ತಾಗಿದರೂ ಮೊದಲು ಹೋಗುವುದು ಕಂಪನಿಯ ಹೆಸರು, ಆಮೇಲೆ ನಿಮಿಷದ ಗೆರೆ. ಲ್ಯಾಕರಿನ ಮೇಲೆ ಮುದ್ರಿಸಿದ ಹಳೆಯ ಶಾಯಿ ಬರಿಯ ಒದ್ದೆ ಹತ್ತಿಯ ಒಂದೇ ಎಳೆತಕ್ಕೆ ಎದ್ದುಬರಬಹುದು. ಅನುಭವಿ ರಿಪೇರಿಯವರು ಕೈಪಂಪಿನ ಗಾಳಿಯಿಂದ ಧೂಳು ಹಾರಿಸಿ, ಹಿಟ್ಟಿನಂತೆ ಮೆತ್ತಗಿರುವ ರೋಡಿಕೋ ಎಂಬ ಪದಾರ್ಥವನ್ನು ಹಗುರವಾಗಿ ಒತ್ತಿ ಬೆರಳಿನ ಜಿಡ್ಡು ಎತ್ತುತ್ತಾರೆ. ಅವರೂ ಅದಕ್ಕಿಂತ ಮುಂದೆ ಹೋಗದಿದ್ದರೆ ಒಳ್ಳೆಯದು.

ಡಯಲ್ ಬಿಳಿ ಪಿಂಗಾಣಿಯಂತಿದೆ, ಸಣ್ಣ ಬಿರುಕುಗಳಿವೆ. ಅದಕ್ಕೂ ಇದೇ ನಿಯಮವೇ?

ಅದು ಎನಾಮೆಲ್ ಡಯಲ್ ಇರಬೇಕು. ಹಳೆಯ ಜೇಬುಗಡಿಯಾರಗಳಲ್ಲಿ, ಅದರಲ್ಲೂ 19ನೇ ಶತಮಾನದ ಕೊನೆಯಿಂದ ಮುಂಬೈ, ಕೋಲ್ಕತ್ತಾಗಳ ಮೂಲಕ ದೇಶವೆಲ್ಲ ಹರಡಿದ ವೆಸ್ಟ್ ಎಂಡ್ ಕಂಪನಿಯಂಥವರ ಗಡಿಯಾರಗಳಲ್ಲಿ ಇದು ಸಾಮಾನ್ಯ. ತಾಮ್ರದ ತಗಡಿನ ಮೇಲೆ ಗಾಜಿನ ಪುಡಿ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಕರಗಿಸಿ ಮಾಡಿದ ಡಯಲದು. ಅದು ಹಳದಿಯಾಗುವುದಿಲ್ಲ, ಮಾಸುವುದಿಲ್ಲ. ಕೆಳಗೆ ಬಿದ್ದರೆ ಮಾತ್ರ ಬಿರಿಯುತ್ತದೆ. ಕೂದಲೆಳೆಯ ಬಿರುಕಿನೊಳಗೆ ಕೊಳೆ ತುಂಬಿದಾಗ ಅದು ಕಪ್ಪಾಗಿ ಎದ್ದು ಕಾಣುತ್ತದೆ. ಡಯಲನ್ನು ಪೂರ್ತಿ ಬಿಚ್ಚಿ ಹೊರತೆಗೆದು ಸೌಮ್ಯವಾಗಿ ತೊಳೆದರೆ ಬಿರುಕು ಉಳಿದರೂ ಕಪ್ಪು ಇಳಿಯುತ್ತದೆ. ಹೆಸರನ್ನು ಬೆಂಕಿಯಲ್ಲಿ ಸುಡದೆ ಬರಿದೆ ಮೇಲೆ ಮುದ್ರಿಸಿರುವ ಡಯಲುಗಳೂ ಇರುವುದರಿಂದ ಅಂಚಿನಲ್ಲಿ ಪರೀಕ್ಷಿಸದೆ ತೊಳೆಯಬಾರದು. ಚೂರು ಎದ್ದುಹೋಗಿದ್ದರೆ ಬಿಳಿ ರಾಳ ತುಂಬುವವರಿದ್ದಾರೆ. ಹಾಗೆ ತುಂಬಿದ್ದು ಬೇಕೆಂದಾಗ ತೆಗೆಯಬಹುದಾದ್ದರಿಂದ ನನಗೆ ಅದರ ಬಗ್ಗೆ ಆಕ್ಷೇಪವಿಲ್ಲ.

ಡಯಲಿನ ಅಂಕಿಗಳ ಮೇಲೆ ಕತ್ತಲಲ್ಲಿ ಹೊಳೆಯುತ್ತಿದ್ದ ಬಣ್ಣ ಉದುರುತ್ತಿದೆ. ಕೆರೆದು ಹೊಸದು ಹಾಕಿಸಬಹುದೇ?

ಕೆರೆಯಬೇಡಿ, ಮನೆಯಲ್ಲಿ ಬಿಚ್ಚಲೂಬೇಡಿ. ಇದು ಅಂದಚಂದದ ಮಾತಲ್ಲ, ಆರೋಗ್ಯದ ಮಾತು.

20ನೇ ಶತಮಾನದ ಆರಂಭದಿಂದ 1960ರ ದಶಕದವರೆಗೆ ಅನೇಕ ವಾಚುಗಳ ಹೊಳೆಯುವ ಬಣ್ಣದಲ್ಲಿ ನಿಜವಾದ ರೇಡಿಯಂ, ಅಂದರೆ ವಿಕಿರಣ ಸೂಸುವ ಧಾತು, ಇತ್ತು. ವಾಹನಗಳಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿಗಳಲ್ಲಿ ನಾವು ರೇಡಿಯಂ ಎಂದು ಕೇಳಿ ತರುವ ಹೊಳಪಿನ ಹಾಳೆಯಲ್ಲಿ ಆ ಧಾತು ಇರುವುದಿಲ್ಲ, ಹೀಗಾಗಿ ಆ ಹೆಸರಿನ ಭಯ ನಮ್ಮಲ್ಲಿ ಉಳಿದಿಲ್ಲ. ವಾಚಿನ ಬಣ್ಣದಲ್ಲಿ ರೇಡಿಯಂ ಜೊತೆಗೆ ಬೆರೆಸಿದ್ದ ಸತುವಿನ ಸಲ್ಫೈಡ್ ಕೆಲವು ದಶಕಗಳಲ್ಲಿ ಸೋತು ಹೊಳಪು ನಿಂತುಹೋಗುತ್ತದೆ, ಆದರೆ ರೇಡಿಯಂ ಹಾಗೇ ಇರುತ್ತದೆ. ಅದು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಹೊಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ತರ್ಕ ತಪ್ಪು. ಮುಚ್ಚಿದ ವಾಚಿಗಿಂತ ಹೆಚ್ಚು ಅಪಾಯ ಕೆರೆದಾಗ ಏಳುವ ಪುಡಿಯಲ್ಲಿದೆ, ಅದು ಉಸಿರಿನೊಡನೆ ದೇಹಕ್ಕೆ ಹೋದರೆ ಮೂಳೆಯಲ್ಲಿ ನೆಲೆಸುತ್ತದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಡಯಲುಗಳಿಗೆ ಈ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ ಕಾರಣಕ್ಕೆ ದವಡೆ ಕೊಳೆತು ಸತ್ತದ್ದು ದಾಖಲಾದ ಇತಿಹಾಸ.

ನಂತರ ಬಂದ ಟ್ರಿಟಿಯಂ ಇದಕ್ಕೆ ಹೋಲಿಸಿದರೆ ಬಹಳ ಸೌಮ್ಯ, ಅದು ಹನ್ನೆರಡು ವರ್ಷ ಚಿಲ್ಲರೆಯಲ್ಲಿ ಅರ್ಧವಾಗುತ್ತದೆ. ಸ್ವಿಸ್ ಡಯಲಿನ ಕೆಳ ಅಂಚಿನ ಬರಹದ ಎರಡೂ ಬದಿ ಇಂಗ್ಲಿಷಿನ ‘ಟಿ’ ಅಕ್ಷರವಿದ್ದರೆ ಅದು ಟ್ರಿಟಿಯಂ. ಈಗ ಬಳಸುವ ಸೂಪರ್ ಲ್ಯೂಮಿನೋವಾ ಮಾದರಿಯ ಬಣ್ಣಗಳಲ್ಲಿ ವಿಕಿರಣವೇ ಇಲ್ಲ. ನಿಮ್ಮ ವಾಚು 1960ರ ದಶಕದ್ದೋ ಅದಕ್ಕೂ ಹಳೆಯದೋ ಆಗಿದ್ದು, ಅಂಕಿಗಳ ಬಣ್ಣ ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿದ್ದರೆ, ಬಿಚ್ಚಲು ಕೊಡುವ ಮೊದಲು ರಿಪೇರಿಯವರಿಗೆ ಈ ವಿಷಯ ಬಾಯಿಬಿಟ್ಟು ಹೇಳಿ. ಅವರು ದಿನವಿಡೀ ಮುಖವನ್ನು ವಾಚಿಗೆ ಹತ್ತಿರ ಹಿಡಿದು, ಊದಿ ಊದಿ ಕೆಲಸ ಮಾಡುವವರು. ಅವರ ಆರೋಗ್ಯವೂ ನಮ್ಮ ಹೊಣೆಯೇ.

ಬಣ್ಣದ ಬದಲು ಬೇರೆ ಡಯಲನ್ನೇ ಹಾಕಿಸಿದರೆ?

ಮೇಲೆ ಹೇಳಿದ ಇನ್ನೊಂದು ದಾರಿ ಇದೇ. ಕಟ್ಟಿಕೊಳ್ಳಲು ಯೋಗ್ಯವಾದ ವಾಚು ಬೇಕು, ಅಪ್ಪನ ಡಯಲೂ ಅಳಿಯಬಾರದು ಎಂಬ ಎರಡೂ ಆಸೆಗಳನ್ನು ಇದೊಂದೇ ಪೂರೈಸುತ್ತದೆ. ಅದೇ ಮಾದರಿಯ, ಒಳ್ಳೆಯ ಸ್ಥಿತಿಯ ಮೂಲ ಡಯಲನ್ನು ಹುಡುಕಿ ಹಾಕಿಸಿ, ತೆಗೆದ ಹಳೆಯ ಡಯಲನ್ನು ಜೋಪಾನವಾಗಿ ಇಟ್ಟುಕೊಂಡರೆ, ಮುಂದೆ ಮಗನೋ ಮೊಮ್ಮಗಳೋ ಬೇಕೆಂದಾಗ ಅರ್ಧ ಗಂಟೆಯ ಕೆಲಸದಲ್ಲಿ ಮೊದಲಿನಂತೆ ಜೋಡಿಸಬಹುದು. ಎಚ್‌ಎಂಟಿ ಅಪಾರ ಸಂಖ್ಯೆಯಲ್ಲಿ ತಯಾರಾದ್ದರಿಂದ ಇದು ಆ ವಾಚುಗಳಿಗೆ ಸಾಧ್ಯವಾಗುವ ಮಾತು: ಮೆಷಿನ್ ಪೂರ್ತಿ ಕೆಟ್ಟ, ಡಯಲ್ ಚೆನ್ನಾಗಿರುವ ವಾಚುಗಳು ಹಳೆಯ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲಿ ಬಿದ್ದಿರುತ್ತವೆ.

ಹೊಂದಾಣಿಕೆ ಮಾತ್ರ ಕಟ್ಟುನಿಟ್ಟಾಗಿ ನೋಡಬೇಕು. ಹಿಂಬದಿಯ ಕಾಲುಗಳು ಮೆಷಿನ್‌ನ ರಂಧ್ರಗಳಿಗೆ ಸರಿಯಾಗಿ ಕೂರಬೇಕು, ವ್ಯಾಸ ಕೇಸಿಗೆ ಹೊಂದಬೇಕು, ತಾರೀಕಿನ ಕಿಟಕಿ ಇದ್ದರೆ ಅದರ ಜಾಗ ಒಂದೇ ಆಗಿರಬೇಕು. ಕಾಲು ಕೂರುವುದಿಲ್ಲವೆಂದು ಅದನ್ನು ಕತ್ತರಿಸಿ ಡಯಲನ್ನು ಅಂಟಿನಿಂದ ನಿಲ್ಲಿಸುವುದು ಕೆಲವೆಡೆ ನಡೆಯುತ್ತದೆ, ಅದಕ್ಕೆ ಒಪ್ಪಬೇಡಿ. ಕಾಲು ಮೊದಲೇ ಮುರಿದಿದ್ದರೆ ಅಂಟಿನ ಸಣ್ಣ ಬಿಲ್ಲೆಯಿಂದ ಹಿಡಿಸುವುದು ಬೆಸುಗೆಗಿಂತ ಲೇಸು, ಏಕೆಂದರೆ ಸಾಧಾರಣ ಬೆಸುಗೆಯ ಶಾಖ ಮುಂಬದಿಯ ಲ್ಯಾಕರನ್ನು ಸುಟ್ಟು ಗುಳ್ಳೆ ಎಬ್ಬಿಸುತ್ತದೆ.

ಡಯಲಿನ ಮೇಲೆ ಸಂಸ್ಥೆಯೊಂದರ ಹೆಸರು, ಲಾಂಛನ ಇದೆ. ಅದನ್ನು ಏನು ಮಾಡಬೇಕು?

ಉಳಿಸಿಕೊಳ್ಳಬೇಕು. ಸಂಸ್ಥೆಗಳು ನೌಕರರ ನಿವೃತ್ತಿ, ಬೆಳ್ಳಿಹಬ್ಬ, ಸಮ್ಮೇಳನಗಳ ನೆನಪಿಗೆಂದು ತಮ್ಮ ಲಾಂಛನ ಮುದ್ರಿಸಿದ ಎಚ್‌ಎಂಟಿ ವಾಚುಗಳನ್ನು ಮಾಡಿಸಿ ಹಂಚುತ್ತಿದ್ದ ಕಾಲವೊಂದಿತ್ತು. ದಾವಣಗೆರೆಯಂಥ ಹತ್ತಿ ಗಿರಣಿಗಳ ಊರಿನಲ್ಲಿ, ಸಹಕಾರಿ ಸಂಘಗಳೂ ಬ್ಯಾಂಕುಗಳೂ ಬೆಳೆದ ಜಿಲ್ಲೆಗಳಲ್ಲಿ ಇಂಥ ಡಯಲುಗಳು ಹೊರಬಂದರೆ ಆಶ್ಚರ್ಯವಿಲ್ಲ. ಇವುಗಳಿಗೆ ಬದಲಿ ಡಯಲ್ ಸಿಗುವ ಸಾಧ್ಯತೆ ತೀರಾ ಕಡಿಮೆ, ಬಣ್ಣ ಹಾಕಿಸಿದರೆ ಆ ಲಾಂಛನವನ್ನು ಅದೇ ರೀತಿ ಮತ್ತೆ ಮುದ್ರಿಸಲು ಯಾರಿಂದಲೂ ಆಗುವುದಿಲ್ಲ. ಆ ಸಂಸ್ಥೆಯೇ ಮುಚ್ಚಿಹೋಗಿದ್ದರೆ, ಅಲ್ಲಿ ದುಡಿದವರ ಮನೆಯಲ್ಲಿ ಉಳಿದ ಕೆಲವೇ ವಸ್ತುಗಳಲ್ಲಿ ಅದೂ ಒಂದಾಗಿರಬಹುದು. ಎಷ್ಟೇ ಕಲೆಯಿದ್ದರೂ ಇದಕ್ಕೆ ಕುಂಚ ತಾಗಿಸಬಾರದು ಎಂಬುದು ನನ್ನ ದೃಢವಾದ ನಿಲುವು.

ಮನೆಯಲ್ಲಿ ಒಮ್ಮತವಿಲ್ಲ. ಅಣ್ಣ ಹೊಸದಾಗಿ ಮಾಡಿಸೋಣ ಎನ್ನುತ್ತಾರೆ, ಅವ್ವ ಹಾಗೇ ಇರಲಿ ಎನ್ನುತ್ತಾರೆ.

ಆ ವಾಚನ್ನು ಕಟ್ಟಿದ ಕೈಯನ್ನು ಹೆಚ್ಚು ಕಾಲ ಕಂಡವರ ಮಾತಿಗೆ ಹೆಚ್ಚು ತೂಕ ಕೊಡಬೇಕೆಂದು ನನಗೆ ಅನ್ನಿಸುತ್ತದೆ. ಹಾಗೇ ಬಿಡುವ ನಿರ್ಧಾರವನ್ನು ಮುಂದಿನ ವರ್ಷವೂ ಬದಲಿಸಬಹುದು, ಬಣ್ಣ ಹಾಕಿಸುವ ನಿರ್ಧಾರವನ್ನು ಬದಲಿಸಲಾಗುವುದಿಲ್ಲ. ಒಮ್ಮತ ಬರುವವರೆಗೆ ಮೆಷಿನ್ ಸರ್ವಿಸ್ ಮಾಡಿಸಿ, ಗಾಜು ಹೊಸದು ಹಾಕಿಸಿ, ಹೊಸ ಪಟ್ಟಿ ಕಟ್ಟಿ ಅಣ್ಣನವರ ಕೈಗೆ ಕೊಟ್ಟು ನೋಡಿ. ವಾಚು ನಡೆಯತೊಡಗಿದ ಮೇಲೆ ಕಲೆಯ ಬಗೆಗಿನ ಅಸಮಾಧಾನ ಕಡಿಮೆಯಾಗುವುದುಂಟು.

ಬಣ್ಣ ಹಾಕಿಸಿದರೆ ವಾಚಿನ ಬೆಲೆ ಹೆಚ್ಚುತ್ತದೆಯೇ?

ಸಂಗ್ರಾಹಕರ ನಡುವೆ ಕಡಿಮೆಯಾಗುತ್ತದೆ. ಕಲೆಯಿರುವ ಮೂಲ ಡಯಲಿಗೆ ಅವರು ಹೊಳೆಯುವ ಹೊಸ ಬಣ್ಣಕ್ಕಿಂತ ಹೆಚ್ಚು ಕೊಡುತ್ತಾರೆ. ಬಿಸಿಲಿಗೆ ಕಪ್ಪು ಬಣ್ಣ ಸಮನಾಗಿ ಕಂದಾದ ಕೆಲವು ಸ್ವಿಸ್ ಡಯಲುಗಳಿಗಂತೂ, ಆ ಕಂದು ಬಣ್ಣಕ್ಕಾಗಿಯೇ ಹೆಚ್ಚಿನ ಬೆಲೆ ಬರುತ್ತದೆ. ಸಾಧಾರಣ ಎಚ್‌ಎಂಟಿ ಜನತಾದಂಥ ವಾಚಿನಲ್ಲಿ ಈ ಲೆಕ್ಕ ದೊಡ್ಡದಾಗುವುದಿಲ್ಲ. ಒಳ್ಳೆಯ ಗುಣಮಟ್ಟದ ಡಯಲ್ ಕೆಲಸಕ್ಕೆ ತಗಲುವ ಖರ್ಚಿನಲ್ಲಿ ಅದೇ ಮಾದರಿಯ ಚೆನ್ನಾಗಿರುವ ಇನ್ನೊಂದು ವಾಚು ಸಿಕ್ಕರೂ ಸಿಗಬಹುದು.

ಇಷ್ಟೆಲ್ಲ ಯೋಚಿಸಿಯೂ ಬಣ್ಣ ಹಾಕಿಸಲು ತೀರ್ಮಾನಿಸಿದ್ದೇನೆ. ಕೆಲಸ ಕೊಡುವಾಗ ಏನೇನು ಕೇಳಬೇಕು?

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ರಿಪೇರಿಯವರು ಈ ಕೆಲಸವನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ, ದೊಡ್ಡ ಊರಿಗೆ ಕಳಿಸುತ್ತಾರೆ. ಆದ್ದರಿಂದ ಯಾರು ಮಾಡುತ್ತಾರೆ, ಅವರು ಹಿಂದೆ ಮಾಡಿದ ಡಯಲುಗಳ ಚಿತ್ರ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು, ಅದನ್ನು ವಿನಯದಿಂದಲೇ ಕೇಳಬಹುದು. ಆ ಚಿತ್ರಗಳಲ್ಲಿ ಅಕ್ಷರದ ಅಂಚನ್ನೂ ನಿಮಿಷದ ಗೆರೆಗಳನ್ನೂ ಮೇಲೆ ಹೇಳಿದ ರೀತಿಯಲ್ಲಿ ದೊಡ್ಡದು ಮಾಡಿ ನೋಡಿ.

ವಾಚು ಕೊಡುವ ಮೊದಲು ಡಯಲಿನ ಮುಂಬದಿ, ಸಾಧ್ಯವಾದರೆ ಹಿಂಬದಿಯನ್ನೂ ಹತ್ತಿರದಿಂದ ಚಿತ್ರ ತೆಗೆದಿಡಿ. ಮುದ್ರಿಸುವವರಿಗೆ ಮಾದರಿಯಾಗುವುದೂ, ಮನೆಯಲ್ಲಿ ಮೂಲದ ದಾಖಲೆಯಾಗಿ ಉಳಿಯುವುದೂ ಆ ಚಿತ್ರಗಳೇ. ಬಣ್ಣ, ಬರಹ, ಗೆರೆ ಯಾವುದೂ ಬದಲಾಗಬಾರದು, ಹೊಸದಾಗಿ ಏನನ್ನೂ ಸೇರಿಸಬಾರದು, ಮೂಲ ಮುಳ್ಳುಗಳನ್ನೂ ಲೋಹದ ಗುರುತುಗಳನ್ನೂ ಅವೇ ಉಳಿಸಬೇಕು ಎಂದು ಕಾಗದದಲ್ಲಿ ಬರೆದುಕೊಡಿ. ಬಣ್ಣ ಮತ್ತು ಲ್ಯಾಕರ್ ದಪ್ಪವಾದರೆ ಗಂಟೆಯ ಮುಳ್ಳು ಡಯಲಿಗೆ ಉಜ್ಜಿ ವಾಚು ನಿಲ್ಲುತ್ತದೆ, ತಾರೀಕಿನ ಕಿಟಕಿ ಕಿರಿದಾಗುತ್ತದೆ. ಆದ್ದರಿಂದ ವಾಪಸು ಪಡೆಯುವಾಗ ಅಂಗಡಿಯಲ್ಲೇ ಮುಳ್ಳುಗಳನ್ನು ಹನ್ನೆರಡು ಗಂಟೆಯಷ್ಟು ಪೂರ್ತಿ ತಿರುಗಿಸಿ ನೋಡಬೇಕು. ಸೂರ್ಯಕಿರಣದಂತೆ ಹೊಳಪು ಹರಡುವ ಡಯಲುಗಳನ್ನು ಸಣ್ಣ ಕಾರ್ಯಾಗಾರಗಳಲ್ಲಿ ಮೊದಲಿನಂತೆ ತರುವುದು ಬಹಳ ಕಷ್ಟ, ಅವುಗಳ ವಿಷಯದಲ್ಲಿ ಯಾರ ಭರವಸೆಯನ್ನೂ ಸುಲಭವಾಗಿ ನಂಬಬೇಡಿ.

ಮೆಷಿನ್ ಸರ್ವಿಸ್ ಮಾಡಿಸುವಾಗ ಡಯಲಿಗೆ ಏಟಾಗುವುದಿಲ್ಲವೇ?

ಆಗಬಹುದು. ಮುಳ್ಳು ಎತ್ತುವಾಗ ಸನ್ನೆ ಜಾರಿದರೆ ನಡುವಿನ ರಂಧ್ರದ ಸುತ್ತ ಗೀರು ಬೀಳುತ್ತದೆ. ಡಯಲಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟು ಮುಳ್ಳು ತೆಗೆಯಲು, ಡಯಲನ್ನು ಅಂಚಿನಲ್ಲಷ್ಟೇ ಹಿಡಿಯಲು, ಏನನ್ನೂ ಒರೆಸದಿರಲು ಮೊದಲೇ ಕೇಳಿಕೊಳ್ಳಿ. ಒಳ್ಳೆಯ ರಿಪೇರಿಯವರು ಇದನ್ನು ಹೇಳದೆಯೂ ಮಾಡುತ್ತಾರೆ.

ತೆಗೆದಿಟ್ಟ ಹಳೆಯ ಡಯಲನ್ನು, ಅಥವಾ ಕಟ್ಟದೆ ಇಟ್ಟ ವಾಚನ್ನು ಹೇಗೆ ಕಾಪಾಡಬೇಕು?

ಬಿಡಿ ಡಯಲನ್ನು ಮೃದುವಾದ ಕಾಗದದಲ್ಲಿ ಸುತ್ತಿ, ಅದು ಅಲುಗಾಡದಂಥ ಸಣ್ಣ ಗಟ್ಟಿ ಡಬ್ಬಿಯಲ್ಲಿ ಇಡಿ. ಯಾವ ವಾಚಿನದು, ಯಾರದು, ಎಂದು ತೆಗೆದದ್ದು ಎಂದು ಚೀಟಿ ಬರೆದು ಜೊತೆಗಿಡಿ. ಸಿಲಿಕಾ ಜೆಲ್ ಪೊಟ್ಟಣವೊಂದು ಡಬ್ಬಿಯಲ್ಲಿದ್ದರೆ ಮಳೆಗಾಲದ ತೇವಕ್ಕೆ ಸಾಕು. ಅಕ್ಕಿಯಲ್ಲಿ ಹುಗಿದಿಡುವುದರಿಂದ ಹಿಟ್ಟಿನ ಧೂಳು ಸೇರುತ್ತದೆಯೇ ಹೊರತು ವಿಶೇಷ ಲಾಭವಿಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆ ಇಟ್ಟಿದ್ದರೆ ವಾಚನ್ನು ಆ ಅರೆಯಲ್ಲಿ ಇಡಬೇಡಿ.

ಬಣ್ಣ ಹಾಕಿಸಿದ ವಾಚನ್ನು ಮುಂದೆ ಮಾರಬಹುದೇ?

ಧಾರಾಳವಾಗಿ ಮಾರಬಹುದು, ಆದರೆ ಡಯಲ್ ಹೊಸದಾಗಿ ಬಣ್ಣ ಹಾಕಿಸಿದ್ದು ಎಂದು ಕೊಳ್ಳುವವರಿಗೆ ಮೊದಲೇ ಹೇಳಿ, ಮಾರಾಟದ ಚೀಟಿಯಲ್ಲೂ ಬರೆಯಬೇಕು. ಮೂಲ ಡಯಲಿನ ಹಳೆಯ ಚಿತ್ರಗಳಿದ್ದರೆ ಅವುಗಳನ್ನೂ ವಾಚಿನ ಜೊತೆ ಕೊಡಿ. ಬದಲಿ ಡಯಲ್ ಹಾಕಿಸಿದ್ದರೆ, ತೆಗೆದಿಟ್ಟ ಮೂಲ ಡಯಲಿನ ಡಬ್ಬಿಯನ್ನು ವಾಚಿನಿಂದ ಬೇರೆ ಮಾಡದೆ ಒಟ್ಟಿಗೇ ಮಾರಿ.